ಸತ್ಯವ್ವನ ಕೆಲಸದ ಹೆಸರು

ನನ್ನ ನಾದಿನಿ ಸತ್ಯವ್ವ ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಗೂಲಿಯ ಮೇಲೆ ದುಡಿಯುತ್ತಾಳೆ. ತೀರಿಕೊಂಡ ನನ್ನ ಮನೆಯವರ ಬೆನ್ನ ಮೇಲೆ ಹುಟ್ಟಿದವಳು. ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕಸ ಗುಡಿಸಲಿಕ್ಕೆ. ಗುಡಿಸಿದಳು, ನೀರು ತುಂಬಿದಳು, ಚಹಾ ಕೊಟ್ಟಳು.

ಆ ಕಚೇರಿಯ ಹಿಂದೆ ದಾಖಲೆ ಕೋಣೆ ಇದೆ. ನಾನು ಒಮ್ಮೆ ಇಣುಕಿ ನೋಡಿದ್ದೇನೆ. ನಾಲ್ಕೂ ಗೋಡೆಗೆ ಕಬ್ಬಿಣದ ರ್ಯಾಕು, ರ್ಯಾಕಿನ ತುಂಬ ಅರಿವೆಯಲ್ಲಿ ಕಟ್ಟಿಟ್ಟ ಕಾಗದದ ಗಂಟು. ಜನರ ಹೊಲ, ಮನೆ, ಅಜ್ಜ ಮುತ್ತಜ್ಜರ ಹೆಸರು ಎಲ್ಲ ಆ ಗಂಟುಗಳಲ್ಲೇ. ಅದನ್ನು ನೋಡಿಕೊಳ್ಳುತ್ತಿದ್ದ ಜವಾನ ರಾಯಪ್ಪ ನಿವೃತ್ತನಾದ. ಅವನ ಜಾಗಕ್ಕೆ ಬೇರೆಯವರು ಬರುತ್ತಾರೆ, ಅಲ್ಲಿಯತನಕ ನೀನು ನೋಡು ಎಂದು ಸತ್ಯವ್ವನಿಗೆ ಹೇಳಿದರು. ಯಾರೂ ಬರಲಿಲ್ಲ. ಆ ಅಲ್ಲಿಯತನಕ ಎನ್ನುವುದು ಹದಿನಾಲ್ಕು ವರ್ಷವಾಯಿತು.

ಅವಳು ಕಲಿತದ್ದು ಮರಾಠಿ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ. ನಾನು ಅಷ್ಟೂ ಕಲಿತವಳಲ್ಲ. ಹೊಸದಾಗಿ ಬರುವ ಕಾರಕೂನರಿಗೆ ಹಳೆಯ ಮರಾಠಿ ಕಾಗದ ಓದಲು ಬಾರದು, ಇವಳು ಓದಿ ಹೇಳುತ್ತಿದ್ದಳು. ಗಂಟುಗಳಿಗೆ ಊರಿಗೊಂದು ಬಣ್ಣದ ದಾರ ಕಟ್ಟಿದಳು. ನಂದಗಡಕ್ಕೆ ಕೆಂಪು, ಜಾಂಬೋಟಿಗೆ ಹಸಿರು, ಬೀಡಿಗೆ ಹಳದಿ. ನಮ್ಮ ಮಾವನವರು ಕುರಿಗೆ ಬಣ್ಣ ಹಚ್ಚಿ ಗುರುತು ಮಾಡುತ್ತಿದ್ದರಲ್ಲ, ಹಾಗೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಬೆಳಗಾವಿಯಿಂದ ಒಬ್ಬರು ಬಂದು, ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡು ಹೋದರು. ತಿಂಗಳಾದ ಮೇಲೆ ಪಟ್ಟಿ ಬಂತು. ಸತ್ಯವ್ವ ಆ ಕಾಗದ ಹಿಡಿದುಕೊಂಡು ನೇರ ಬೆಳಗಾವಿಯ ಅನಗೋಳಕ್ಕೆ, ನಮ್ಮ ಮನೆಗೆ ಬಂದಳು. ಕಾಗದ ಕನ್ನಡದಲ್ಲಿತ್ತು, ನನ್ನ ಮೊಮ್ಮಗಳು ನೀಲಾ ಓದಿದಳು. ಕೆಲಸ: ಸ್ವಚ್ಛತೆ. ಇತರೆ ಕೆಲಸ: ಇಲ್ಲ. ಸ್ವಚ್ಛತೆಯ ಕೆಲಸವನ್ನೆಲ್ಲ ಗುತ್ತಿಗೆದಾರನಿಗೆ ಕೊಡುವುದರಿಂದ ಇವರನ್ನು ಬಿಡುಗಡೆ ಮಾಡಲಾಗುವುದು, ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬಂದು ಹೇಳತಕ್ಕದ್ದು. ಗುತ್ತಿಗೆದಾರ ನಲವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಇವಳಿಗೆ ಐವತ್ತಾರು.

"ಇತರೆ ಕೆಲಸ ಇಲ್ಲ ಅಂತ ಯಾರ ಬರದ್ರು?" ಎಂದೆ.

"ನಾನ ಹೇಳೇನಿ ವೈನಿ."

"ಯಾಕ? ಬಾಯಾಗ ಎಲಿ ಅಡಿಕಿ ಇತ್ತೇನು?"

"ಅಷ್ಟ ಮಂದಿ ಮುಂದ ನಾ ಇದ ಮಾಡ್ತೇನಿ, ಅದ ಮಾಡ್ತೇನಿ ಅಂತ ಡಂಗುರಾ ಹೊಡೀಲೇನು? ಅವ್ವ ಇದ್ದಿದ್ರ ಬಾಯಿಗೆ ಹೊಡೀತಿದ್ಲು."

ಅದು ಸುಳ್ಳಲ್ಲ. ನಮ್ಮ ಅತ್ತೆಯವರ ಮನೆಯಲ್ಲಿ, ರೊಟ್ಟಿ ಯಾರು ಬಡಿದರು ಎಂದು ಬೀಗರು ಕೇಳಿದರೆ ಹೆಣ್ಣುಮಕ್ಕಳು ತಲೆ ತಗ್ಗಿಸಿ "ಆಗ್ಯಾವ್ರಿ" ಎನ್ನಬೇಕಿತ್ತು. ನಾನು ಬಡಿದೆ ಎನ್ನುವಂತಿರಲಿಲ್ಲ. ಹಾಗೆ ಬೆಳೆದವಳು ಬೆಳಗಾವಿಯ ಸಾಹೇಬರ ಮುಂದೆ ಏನು ಹೇಳಿಯಾಳು?

ಹದಿಮೂರನೆಯ ದಿನ ಇಬ್ಬರೂ ಬೆಳಗಾವಿಯ ದೊಡ್ಡ ಕಚೇರಿಗೆ ಹೋದೆವು. ದಾರಿಯುದ್ದಕ್ಕೂ ನಾನು ಹೇಳಿಕೊಟ್ಟೆ: ಗಂಟು ಹೇಳು, ದಾರ ಹೇಳು, ಮರಾಠಿ ಹೇಳು. ಹೂಂ ಹೂಂ ಎಂದಳು. ಒಳಗೆ ಅನುರಾಧಾ ಎಂಬ ಅಧಿಕಾರಿ ಇದ್ದರು, ದಕ್ಷಿಣದ ಕಡೆಯ ಮಾತು. ಕುಳಿತುಕೊಳ್ಳಿ ಎಂದರೆ ಸತ್ಯವ್ವ ಕೂಡಲಿಲ್ಲ.

"ಕಚೇರೀಲಿ ಏನು ಕೆಲಸ ಮಾಡ್ತೀರಿ ಅಮ್ಮ?"

"ಕಸಾ ಹೊಡೀತೇನ್ರಿ. ನೀರ ತುಂಬ್ತೇನ್ರಿ."

ನಾನು ಹಿಂದಿನಿಂದ ಚಿವುಟಿದೆ.

"ಬೇರೆ ಏನಾದರೂ?"

"ಮತ್ತೇನ್ರಿ, ಹೇಳಿದ್ದ ಮಾಡ್ತೇನ್ರಿ."

ನನಗೆ ಅಲ್ಲೇ ನೆಲ ಬಿರಿಯಬಾರದೇ ಎನಿಸಿತು. ಅಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಹದಿನಾಲ್ಕು ವರ್ಷದಲ್ಲಿ ಅವಳು ಕೆಲಸದ ದಿನ ರಜೆ ಹಾಕಿದ್ದು ಅಪರೂಪ, ಕಚೇರಿಯವರೇ ಹುಡುಕುತ್ತಿರಬೇಕು ಎಂದುಕೊಂಡೆ. ಅಧಿಕಾರಿ, ಪರವಾಗಿಲ್ಲ, ಮಾತಾಡಿ ಎಂದರು. ಸತ್ಯವ್ವನಿಗೆ ಫೋನನ್ನು ಕಿವಿಗೆ ಹಚ್ಚಿ ರೂಢಿಯಿಲ್ಲ, ಸ್ಪೀಕರ್ ಹಚ್ಚಿ ಅಂಗೈಯಲ್ಲಿ ಹಿಡಿದೇ ಮಾತಾಡುತ್ತಾಳೆ. ಅವಳ ಕಚೇರಿಯ ಹಿರಿಯ ಗುಮಾಸ್ತ ಗುರುಪುತ್ರಪ್ಪನ ದನಿ ಕೋಣೆಯ ತುಂಬ ಕೇಳಿಸಿತು.

"ಸತ್ಯವ್ವಾ, ಆ ನಂದಗಡದ ಗಂಟ ಸಿಗವಲ್ದು! ಮುಂಜಾನಿಂದ ಮೂರ ಮಂದಿ ಧೂಳದಾಗ ಬಿದ್ದೇವಿ. ಹೊರಗ ಮಂದಿ ಒದರಾಕತ್ತಾರ."

"ಕೆಂಪ ದಾರದ್ದ ನೋಡ್ರಿ, ಕಿಡಕಿ ಬಾಜು."

"ಕೆಂಪ ದಾರದ್ವು ಒಂಬತ್ತ ಅದಾವು ಮಾರಾಯ್ತಿ!"

"ಸರ್ವೇ ನಂಬರ ಎಷ್ಟರಿ?"

"ನೂರಾ ಹನ್ನೆರಡು."

"ಹಂಗಾರ ಅಲ್ಲೆ ಹುಡುಕಬ್ಯಾಡ್ರಿ. ನೂರರ ಮ್ಯಾಲಿನ್ವು ಬಾಗಲಾ ಹಿಂದ ಅದಾವು, ಕೆಳಗಿಂದ ಎರಡನೇದು. ಮ್ಯಾಲ ಹಳೇ ಮರಾಠಿ ಕಾಗದ ಬರ್ತಾವು, ಹುಷಾರ್ರಿ, ಮುಟ್ಟಿದ್ರ ಉದರ್ತಾವು."

ಏನೋ ಎಳೆದ ಸದ್ದು, ಯಾರೋ ಸೀನಿದ ಸದ್ದು.

"ಸಿಕ್ತವಾ, ಸಿಕ್ತು! ನೀ ಮತ್ತ ಯಾವಾಗ ಬರ್ತಿ?"

ಸತ್ಯವ್ವ ಅಧಿಕಾರಿಯ ಮುಖ ನೋಡಿದಳು. "ಅದನ್ನ ಕೇಳಾಕ ಬಂದೇನ್ರಿ ಇಲ್ಲೆ," ಎಂದಳು.

ಅನುರಾಧಾ ಮೇಡಂ ಕೈ ಚಾಚಿ ಫೋನು ಇಸಿದುಕೊಂಡು ತಮ್ಮ ಹೆಸರು ಹೇಳಿದರು.

"ಆ ಕೋಣೆ ಕೀಲಿ ಯಾರ ಹತ್ರ ಇರುತ್ತೆ?"

"ಆಕಿ ಕಡೇನ ಇರ್ತೈತ್ರಿ ಮೇಡಮ್ಮಾರ. ರಾಯಪ್ಪ ರಿಟೈರ್ ಆದಾಗಿಂದ. ಇವತ್ತ ಒಂದ ದಿನ ನನಗ ಕೊಟ್ಟಾಳ್ರಿ."

"ನಮ್ಮವರು ಬಂದಾಗ ಯಾಕೆ ಹೇಳಲಿಲ್ಲ?"

"ದಿನಗೂಲಿ ಆಕಿ ಕೈಯಾಗ ಕೀಲಿ ಯಾಕ ಕೊಟ್ರಿ ಅಂತ ನನ್ನ ಕೊರಳಿಗೆ ಬರ್ತೈತಂತ ಅಂಜಿದ್ನಿರಿ."

"ಇವತ್ತೇ ಇದನ್ನ ಬರೆದು ಕಳಿಸಿ."

ಫೋನು ಮರಳಿ ಕೊಟ್ಟು ಅವರು ಹೊಸ ಹಾಳೆ ತೆಗೆದುಕೊಂಡರು. "ನಿಮ್ಮ ಕೆಲಸ ಏನು ಅಂತ ಹೇಳಬೇಡಿ ಅಮ್ಮ. ನಿನ್ನೆ ಯಾರ್ಯಾರು ಬಂದಿದ್ದರು, ಅದನ್ನ ಹೇಳಿ."

ಅದನ್ನು ಕೇಳಿದ್ದೇ ತಡ, ಸತ್ಯವ್ವ ಕುರ್ಚಿಯ ಮೇಲೆ ಕುಳಿತಳು. ಮಂದಿಯ ಸುದ್ದಿ ಹೇಳಲು ಅವಳಿಗೆ ಯಾವ ನಾಚಿಕೆಯೂ ಇಲ್ಲ. ಅಜ್ಜನ ಹೆಸರಿನ ಕಾಗದ ಬೇಕೆಂದು ಬಂದ ಬಾಳಪ್ಪ, ಅವನ ಅಜ್ಜನ ಹೆಸರು ಎರಡು ಥರ ಬರೆದದ್ದು, ಅದನ್ನು ಯಾವ ಗಂಟಿನಿಂದ ತಾಳೆ ನೋಡಿದಳು, ಗೆದ್ದಲು ಹತ್ತಿದ ಗಂಟನ್ನು ಹೇಗೆ ಬಿಸಿಲಿಗೆ ಹಾಕಿ ಬೇವಿನ ಎಲೆ ಇಟ್ಟು ಕಟ್ಟಿದಳು, ಎಲ್ಲ ಬಂತು. ಅಧಿಕಾರಿ ಎರಡು ಹಾಳೆ ಬರೆದು, ಗಟ್ಟಿಯಾಗಿ ಓದಿ ತೋರಿಸಿದರು.

"ಇಷ್ಟೆಲ್ಲಾ ಯಾರ ಮಾಡ್ತಾರ್ರಿ?" ಎಂದಳು ಸತ್ಯವ್ವ.

"ನೀನ, ಹುಚ್ಚಿ. ಸಹಿ ಮಾಡು," ಎಂದೆ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಆದರೂ ಮೂರು ವಾರ ಕಾಯಿಸಿದರು. ಆ ಮೂರು ವಾರ ಅವಳು ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಒಂದು ಶನಿವಾರ ಹೊಸ ಪಟ್ಟಿ ಬಂತು. ರವಿವಾರ ಮುಂಜಾನೆ ಮೊದಲ ಬಸ್ಸಿಗೆ ಅವಳು ಅನಗೋಳಕ್ಕೆ ಬಂದಳು. ನೀಲಾ ಓದಿದಳು: ದಾಖಲೆ ಕೋಣೆಯ ಸಹಾಯಕಿ. ಕಾಯಂ ಏನೂ ಮಾಡಿಲ್ಲ, ದಿನಗೂಲಿಯೇ. ಆದರೆ ಅರವತ್ತು ತುಂಬುವತನಕ ಯಾರೂ ತೆಗೆಯುವಂತಿಲ್ಲ.

"ಇನ್ನೊಮ್ಮೆ ಓದು," ಎಂದಳು. ನೀಲಾ ಓದಿದಳು. "ಹೆಸರು ನನ್ನದ ಐತೇನು ನೋಡು."

"ನಿಂದ ಐತಿ ಅಜ್ಜಿ. ಸತ್ಯವ್ವ ಅಂತ ಇನ್ನೊಬ್ರು ಅದಾರೇನ ಅಲ್ಲೆ?"

ನಾನು ಒಳಗೆ ಹೋಗಿ ಚಹಾ ಮಾಡಿ ತರುವಷ್ಟರಲ್ಲಿ ಅವಳು ಚಾಪೆಯನ್ನೂ ಹಾಸಿಕೊಳ್ಳದೆ, ಗೋಡೆಗೆ ಬೆನ್ನು ಮಾಡಿ, ಬರಿ ನೆಲದ ಮೇಲೆ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ಕಾಗದವನ್ನು ಕುಬಸದೊಳಗೆ ಸೇರಿಸಿಕೊಂಡಿದ್ದಳು. ಚಹಾ ಆರಿತು, ನಾನೇ ಕುಡಿದೆ. ಹನ್ನೊಂದು ಹೊಡೆಯಿತು, ಹನ್ನೆರಡೂ ಹೊಡೆಯಿತು, ಅವಳು ಮಗ್ಗಲು ಬದಲಿಸಲಿಲ್ಲ. ಓಣಿಯಲ್ಲಿ ಕಾಯಿಪಲ್ಯ ಮಾರುವವಳು ಒದರುತ್ತ ನಮ್ಮ ಬಾಗಿಲಿಗೇ ಬಂದು ನಿಂತಳು. ನಾನು ಹೊರಗೆ ಓಡಿದೆ.

"ಸಾವಕಾಶ ಒದರವಾ," ಎಂದೆ. "ನಮ್ಮ ಮನ್ಯಾಗ ಆಫೀಸಿನಾಕಿ ಮಲಗ್ಯಾಳ."