ಪೈಪಿಗೆ ಕಟ್ಟಿದ ಹಗ್ಗ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಹೆಂಡತಿಗೆ ಗೊತ್ತಾಗಬಾರದು ಎಂಬುದು ಮೊದಲ ನೆಪ, ಅವಳು ತೀರಿಕೊಂಡಳು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಎಂಬುದು ಆಮೇಲಿನದು, ಅದನ್ನೂ ತೆಗೆಸಿದ್ದಾಯಿತು. ಈಗ ಕತಾರಿನ ಅಲ್ ವಕ್ರಾದ ಈ ಮನೆಯಲ್ಲಿ ಬೆಳಗಿನ ಹೊತ್ತು ನನ್ನನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಬಂದ ಹಾಗೆ ಬರೆಯುತ್ತೇನೆ.

ಹೋದ ವರ್ಷ ದೋಹಾ ವಿಮಾನ ನಿಲ್ದಾಣದ ಬಾಗಿಲು ತಾನಾಗಿ ತೆರೆದುಕೊಂಡು ಬಿಸಿಗಾಳಿ ಮುಖಕ್ಕೆ ಹೊಡೆದಾಗ ಹೆದರಿಬಿಟ್ಟೆ. ನನಗೆ ಗುರುತು ಸಿಕ್ಕಿದ್ದು ಆ ಗಾಳಿ ಒಂದೇ. ಮೂವತ್ತೆಂಟು ವರ್ಷಗಳ ಹಿಂದೆ, ಇನ್ನು ಈ ನೆಲ ತುಳಿಯುವುದಿಲ್ಲ ಎಂದು ಕತಾರ್ ಬಿಟ್ಟು ಹೋದವನು ನಾನು. ಆಗ ಬರೀ ಮರಳಿದ್ದ ಕಡೆ ಈಗ ಗಾಜಿನ ಕಟ್ಟಡಗಳು. ಹೆಂಡತಿ ಹೋದ ಮೇಲೆ ಮಗಳು ಶೈಲಾ, "ಅಪ್ಪ, ಒಬ್ಬರೇ ಅಲ್ಲಿ ಎಂತ ಮಾಡ್ತೀರಿ?" ಎಂದು ಕರೆಸಿಕೊಂಡಳು. ಜಗತ್ತಿನಲ್ಲಿ ಇಷ್ಟು ದೇಶಗಳಿರುವಾಗ ಅವಳ ಕೆಲಸ ಈ ದೇಶದಲ್ಲೇ ಇರಬೇಕೇ?

ಸುರತ್ಕಲ್ಲಿನಲ್ಲಿ ಕಡಲು ಮೊರೆಯುವುದನ್ನು ಕೇಳುತ್ತ ಬೆಳೆದ ನನಗೆ ಇಲ್ಲಿಯ ಕಡಲು, ಮುನಿದು ಮಾತು ಬಿಟ್ಟವರ ಹಾಗೆ ಕಾಣುತ್ತದೆ. ಅಲೆಯೇ ಇಲ್ಲ. ಧೂಳು ಬರುತ್ತದೆಂದು ಕಿಟಕಿ ತೆರೆಯುವುದಿಲ್ಲ. ಕುಚ್ಚಲಕ್ಕಿ, ಬಂಗುಡೆ ಎಲ್ಲ ಮಲಯಾಳಿಯ ಅಂಗಡಿಯಲ್ಲಿ ಸಿಗುತ್ತದೆ. ಉಣ್ಣುವಾಗ ಮಾತ್ರ ಇದು ಯಾವ ಊರು ಎಂಬುದು ಮರೆಯುತ್ತದೆ. ಮೊಮ್ಮಗಳು ಸಾನ್ವಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ದಿನ ಧೈರ್ಯ ಮಾಡಿ ಒಬ್ಬನೇ ಮೆಟ್ರೋ ಹತ್ತಿ ದೋಹಾ ಪೇಟೆಯ ನಡುವಿನ ಮುಶೈರಿಬ್‌ಗೆ ಹೋಗಿಬಂದೆ. ಮನೆಯಲ್ಲಿ ಚಪ್ಪಾಳೆ ತಟ್ಟಿದರು. ನಾನು ಹೋದದ್ದು ಶುಕ್ರವಾರ ಶುಕ್ರವಾರ ಗೆಳೆಯನ ಜೊತೆ ಚಾ ಕುಡಿಯುತ್ತಿದ್ದ ಗಲ್ಲಿಯನ್ನು ಹುಡುಕಲು. ಅಲ್ಲಿ ಗಲ್ಲಿಯೇ ಇರಲಿಲ್ಲ. ನುಣುಪು ಕಲ್ಲು ಹಾಸಿದ ಬೀದಿ, ಅದರ ಮೇಲೆ ಸದ್ದಿಲ್ಲದೆ ಓಡುವ ಟ್ರಾಮು. ನನಗೆ ದುಃಖವಾಗಲಿಲ್ಲ. ಬಚಾವಾದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಆ ಗೆಳೆಯನ ಹೆಸರು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಗೆಳೆಯ ಎಂದೇ ಕರೆಯುತ್ತೇನೆ.

ಹೋದ ತಿಂಗಳು ಶೈಲಾ ನಮ್ಮನ್ನೆಲ್ಲ ಒಂದು ದಿನದ ಪ್ರವಾಸಕ್ಕೆ ಹೊರಡಿಸಿದಳು. ಬಸ್ಸು, ಊಟ, ಗೈಡು ಎಲ್ಲ ಸೇರಿದ್ದು. ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸು ನನ್ನನ್ನು ತೋರಿಸಿ, "ಅಂಕಲ್ ಮೊದಲ ಸಲ ಬಂದದ್ದಾ ಗಲ್ಫಿಗೆ?" ಎಂದು ಕೇಳಿದರು.

"ಅಯ್ಯೋ, ಅಪ್ಪ ಇಲ್ಲಿ ಹಳಬರು! ನಾನು ಹುಟ್ಟುವಾಗ ಇಲ್ಲೇ ಇದ್ದದ್ದು," ಎಂದಳು ಶೈಲಾ. "ನಾನು ಹುಟ್ಟಿದ ಸುದ್ದಿ ಬರೆದ ಕಾಗದ ಈಗಲೂ ನನ್ನ ಹತ್ತಿರ ಉಂಟು. ಅಪ್ಪ ಕೆಲಸದ ಮಧ್ಯೆ ಓದಿದ್ದು. ಅದರ ಮೂಲೆಯಲ್ಲಿ ಅಪ್ಪನ ಹೆಬ್ಬೆರಳಿನ ಕಪ್ಪು ಕಲೆ ಹಾಗೇ ಉಂಟು, ಗೊತ್ತುಂಟಾ?"

ನಾನು ಕಿಟಕಿಯ ಹೊರಗೆ ನೋಡಿದೆ.

ಮೊದಲು ಜುಬಾರಾದ ಕೋಟೆ. ಅಗಲ ಗೋಡೆ, ಕಿರಿದಾದ ಗುಂಡಿನ ಕಿಂಡಿಗಳು. ಆಮೇಲೆ ಜನ ಬಿಟ್ಟುಹೋದ ಒಂದು ಮೀನುಗಾರರ ಹಳ್ಳಿ. ಗೋಡೆಗಳಿಗೆ ಸೂರಿಲ್ಲ, ಬಾಗಿಲಿಲ್ಲ. ಮೂರನೆಯದು, ಬ್ರಿಟಿಷರ ಅಧಿಕಾರವಿದ್ದ ಕಾಲದ ಒಂದು ಊರನ್ನು ಇದ್ದ ಹಾಗೆ ಮತ್ತೆ ಕಟ್ಟಿರುವ ಜಾಗ. ಹವಳದ ಕಲ್ಲಿನ ಮನೆಗಳಿಗೆ ಹೊಸ ಗಿಲಾವು. ಬಿಳಿಯ ಅಧಿಕಾರಿಯ ಕೋಣೆಯಲ್ಲಿ ಮೇಜು, ಟೈಪ್‌ರೈಟರು, ಗೋಡೆಗೆ ತೂಗುಹಾಕಿದ ಟೊಪ್ಪಿ. ಮುತ್ತಿನ ವ್ಯಾಪಾರಿಯ ಮನೆಯ ತೊಲೆಗಳು ನಮ್ಮ ಕಡೆಯಿಂದ ಹಡಗಿನಲ್ಲಿ ಬಂದ ಮರವಂತೆ. ನಮ್ಮ ಊರುಗಳಲ್ಲಿ ಹಳೆಯದನ್ನು ಕೆಡವಿ ಹೊಸತು ಕಟ್ಟುತ್ತಾರೆ. ಇಲ್ಲಿ ಹೊಸತಾಗಿ ಹಳೆಯದನ್ನು ಕಟ್ಟಿದ್ದಾರೆ.

ಗೈಡು ಮಲಯಾಳಿ, ಹಿಂದಿಯಲ್ಲಿ ಹೇಳುತ್ತಿದ್ದ. ಅಂಗಳದಲ್ಲಿ ಆಳೆತ್ತರದ, ನೀರಿಲ್ಲದ ಒಂದು ಗುಂಡಿ, ತಳಕ್ಕೆ ಕಡಲಿನ ಹಾಗೆ ನೀಲಿ ಬಣ್ಣ. "ಮುತ್ತಿಗಾಗಿ ಮುಳುಗುವವನ ಸೊಂಟಕ್ಕೆ ಹಗ್ಗ. ದೋಣಿಯಲ್ಲಿ ಹಗ್ಗ ಹಿಡಿದು ನಿಲ್ಲುವವನಿಗೆ ಸೈಬ್ ಎನ್ನುತ್ತಿದ್ದರು. ಕೆಳಗಿನವನು ಹಗ್ಗ ಜಗ್ಗಿದ ಕೂಡಲೇ ಎಳೆಯಬೇಕು. ಒಂದು ಗಳಿಗೆ ಆಚೆ ನೋಡಿದರೆ ಮನುಷ್ಯ ಹೋದ. ಅದಕ್ಕೇ ಮುಳುಗುವವರು ಸೈಬ್ ಆಗಿ ತಮ್ಮ ನಂಬಿಕೆಯವರನ್ನೇ ಇಟ್ಟುಕೊಳ್ಳುತ್ತಿದ್ದರು. ಈಗ ಯಾರು ಇಳಿಯುತ್ತೀರಿ? ಯಲ್ಲಾ, ಯಲ್ಲಾ!" ಬೇಗ ಬೇಗ ಎಂದು ಅವಸರಿಸಿದ.

ಸಾನ್ವಿ ಕೈಯೆತ್ತಿದಳು. ಮೂಗಿಗೆ ಕ್ಲಿಪ್ಪು ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ ಮೆಟ್ಟಿಲಿನಿಂದ ಇಳಿಸಿದರು. ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟರು. ಶೈಲಾ ಮೊಬೈಲು ಹಿಡಿದು, "ಅಪ್ಪ, ಇಲ್ಲಿ ನೋಡಿ, ಸ್ವಲ್ಪ ನಗಾಡಿ!" ಎಂದಳು. ನಾನು ನೋಡಲಿಲ್ಲ. ಹಗ್ಗ ಎರಡು ಸಲ ಜಗ್ಗಿತು. ನಾನು ಎಳೆದ ರಭಸಕ್ಕೆ ಮಗು ಮೆಟ್ಟಿಲಿಗೆ ಎಡವಿ, "ಅಜ್ಜ, ಸ್ಲೋ!" ಎಂದು ಕಿರುಚಿದಳು. ಅವಳು ಮೇಲೆ ಬಂದ ಮೇಲೂ ನನ್ನ ಮುಷ್ಟಿ ಬಿಚ್ಚಲಿಲ್ಲ. ಗೈಡು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಖಲಾಸ್, ಅಂಕಲ್. ಮುಗಿಯಿತು," ಎಂದ.

ಖಲಾಸ್. ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ.

ಆಗ ನಾವಿಬ್ಬರೂ ಒಂದೇ ಕ್ಯಾಂಪಿನಲ್ಲಿದ್ದೆವು. ದೊಡ್ಡ ಕಬ್ಬಿಣದ ಟ್ಯಾಂಕುಗಳ ಒಳಗೋಡೆಗೆ ಕಪ್ಪು ಬಣ್ಣ ಬಳಿಯುವ ಕೆಲಸ. ಒಳಗೆ ಬಣ್ಣದ ಆವಿ ತಲೆಗೇರುತ್ತದೆ. ಅದಕ್ಕೆ ಒಬ್ಬ ಇಳಿದರೆ ಇನ್ನೊಬ್ಬ ಮೇಲೆ ಟ್ಯಾಂಕಿನ ಬಾಯಿಯ ಬಳಿ ಹಗ್ಗ ಹಿಡಿದು ನಿಲ್ಲಬೇಕು. ಆ ಕಾವಲಿಗೆ ಹೋಲ್ ವಾಚ್ ಎನ್ನುತ್ತಾರೆ. ತಲೆ ಸುತ್ತಿದರೆ ಒಳಗಿನವನು ಎರಡು ಸಲ ಜಗ್ಗಬೇಕು. ಗೆಳೆಯ ಯಾವಾಗಲೂ ನನ್ನನ್ನೇ ನಿಲ್ಲಿಸಿಕೊಳ್ಳುತ್ತಿದ್ದ. "ನೀನು ಹಗ್ಗ ಹಿಡಿದರೆ ನಾನು ಒಳಗೆ ನಿದ್ದೆಯೂ ಮಾಡಿಯೇನು ಮಾರಾಯ," ಎನ್ನುತ್ತಿದ್ದ. ಆ ದಿನ ಇಳಿಯುವ ಮೊದಲು, "ಇವತ್ತು ಟಪಾಲು ಬರುವ ದಿನ. ನೀನು ಅಪ್ಪ ಆದಿಯೋ ಏನೋ, ನೋಡುವ," ಎಂದು ನಕ್ಕ.

ಪಿಕಪ್ ಬಂತು. ಡ್ರೈವರ್ ಹಾರ್ನ್ ಹೊಡೆದು, ನೀಲಿ ಕಾಗದವೊಂದನ್ನು ಎತ್ತಿ ಆಡಿಸಿ ನನ್ನ ಹೆಸರು ಕೂಗಿದ. ನಾನು ಹಗ್ಗವನ್ನು ಪಕ್ಕದ ಪೈಪಿಗೆ ಕಟ್ಟಿ ಹೊರಗಿನ ಏಣಿ ಇಳಿದು ಹೋದೆ. ಕಾಗದ ಕೈಗೆ ಸಿಕ್ಕಿದ ಕೂಡಲೇ ತಿರುಗಿ ಬರಬಹುದಿತ್ತು. ಬರಲಿಲ್ಲ. ಪಿಕಪ್ಪಿನ ನೆರಳಿನಲ್ಲಿ ಕುಳಿತು ಓದಿದೆ. ಮತ್ತೊಮ್ಮೆ ಓದಿದೆ.

ವಾಪಸು ಬಂದಾಗ ಹಗ್ಗ ಅಲುಗುತ್ತಿರಲಿಲ್ಲ. ಕೂಗಿಕೊಂಡೆ. ಇಬ್ಬರು ಓಡಿ ಬಂದರು, ಮೂವರೂ ಸೇರಿ ಎಳೆದೆವು. ಜೀವ ಇತ್ತು. ಅವನ ಅಂಗಿಯ ಬಣ್ಣ ನನ್ನ ಕೈಗೆಲ್ಲ ಮೆತ್ತಿಕೊಂಡಿತು. ಆ ಗಡಿಬಿಡಿಯಲ್ಲೂ ಆ ಕೈಯಿಂದ ನಾನು ಮಾಡಿದ ಮೊದಲ ಕೆಲಸ, ಕಾಗದವನ್ನು ಜೇಬಿನೊಳಗೆ ತುರುಕಿ ಅಡಗಿಸಿದ್ದು.

ಮರುದಿನ ವಿಚಾರಣೆ, ಅದೇ ಟ್ಯಾಂಕಿನ ಬಾಯಿಯ ಬಳಿ. "ಅವನು ಹಗ್ಗ ಜಗ್ಗಿದನೇ?" ಎಂದು ಫೋರ್‌ಮನ್ ಕೇಳಿದ. ಹಗ್ಗ ಉಜ್ಜಿ ಉಜ್ಜಿ ಪೈಪಿನ ಬಣ್ಣ ಕಿತ್ತುಹೋಗಿ ಕಬ್ಬಿಣ ಹೊಳೆಯುತ್ತಿತ್ತು. ನಾನು ಆ ಜಾಗಕ್ಕೆ ಬೆನ್ನು ಒರಗಿಸಿ ನಿಂತೆ. "ಇಲ್ಲ ಸಾರ್. ನನಗೆ ಹೇಳದೆ ಒಬ್ಬನೇ ಇಳಿದಿದ್ದ," ಎಂದೆ.

"ಖಲಾಸ್," ಎಂದ ಫೋರ್‌ಮನ್. ತಪ್ಪು ಗೆಳೆಯನದೇ ಎಂದು ಬರೆದುಕೊಂಡರು.

ಆಸ್ಪತ್ರೆಗೆ ಹೋದೆ. ಅವನ ಮಾತು ತೊದಲುತ್ತಿತ್ತು, ಬಲಗೈ ನಡುಗುತ್ತಿತ್ತು. ಆ ನಡುಕ ಕೊನೆಯವರೆಗೂ ಹೋಗಲಿಲ್ಲವಂತೆ. ನನ್ನನ್ನು ನೋಡಿ ಅವನು ಕೇಳಿದ್ದು ಒಂದೇ: "ಎಂತ ಮಗು?"

ಹಾರ್ನ್ ಅವನಿಗೆ ಒಳಗೆ ಕೇಳಿಸಿತ್ತು. ಅವನಿಗೆ ಎಲ್ಲವೂ ಗೊತ್ತಿತ್ತು.

"ಹೆಣ್ಣು," ಎಂದೆ.

"ಒಳ್ಳೆಯದಾಯ್ತು," ಎಂದು ಕಣ್ಣು ಮುಚ್ಚಿದ. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಕೆಲವು ದಿನಗಳಲ್ಲಿ ಅವನನ್ನು ಊರಿಗೆ ಕಳಿಸಿದರು. ಮೂರು ತಿಂಗಳು ಕಳೆದು ನಾನೂ ಬಿಟ್ಟುಹೋದೆ.

ಸುರತ್ಕಲ್ಲಿನಿಂದ ಅವನ ಊರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನೇತ್ರಾವತಿಯ ಸೇತುವೆ ದಾಟಿದರಾಯಿತು. ಮೂವತ್ತೇಳು ವರ್ಷ ನಾನು ಆ ಸೇತುವೆ ದಾಟಲಿಲ್ಲ. ಇಲ್ಲಿಗೆ ಬರುವ ಹಿಂದಿನ ವಾರ ಕೊನೆಗೂ ಹೋದೆ. ಅವನ ಮನೆಯ ಓಣಿಯ ಅಂಗಡಿಯವನನ್ನು ವಿಚಾರಿಸಿದೆ.

"ಅವರು ಹೋದ ರಂಜಾನಿಗೆ ಮುಂಚೆ ತೀರಿಕೊಂಡರಲ್ಲ. ಆ ಕೈ ನಡುಕ ಕೊನೆಯವರೆಗೂ ಹೋಗಲಿಲ್ಲ. ನೀವು ಅವರಿಗೆ ಎಂತ ಆಗಬೇಕು?"

"ಎಂತದೂ ಇಲ್ಲ," ಎಂದು ಬಸ್ಸು ಹತ್ತಿದೆ.

ಪ್ರವಾಸದಿಂದ ಮರಳುವಾಗ ಶೈಲಾ, "ಅಲ್ಲಿ ನಿಮಗೆ ಎಂತಾಯ್ತು ಅಪ್ಪ?" ಎಂದು ಕೇಳಿದಳು. ಬಿಸಿಲು ಎಂದೆ. ಅವಳು ನೀರಿನ ಬಾಟಲಿ ಕೊಟ್ಟಳು.

ಮಗಳೇ, ಇದು ಅಚ್ಚಾದರೆ ನೀನು ಓದುತ್ತೀ. ನಿನ್ನ ಕಪಾಟಿನಲ್ಲಿರುವ ಕಾಗದದ ಕಲೆ ನನ್ನ ದುಡಿಮೆಯದಲ್ಲ. ಓದಿದ ಮೇಲೂ ನನ್ನನ್ನು ಇಲ್ಲಿ ಇಟ್ಟುಕೊಳ್ಳುತ್ತೀಯೋ ಇಲ್ಲವೋ, ಕೇಳುವ ಮುಖ ನನಗಿಲ್ಲ. ಊರಿಗೆ ಹೋದರೆ ಆ ಸೇತುವೆ ಇದೆ. ಇಲ್ಲಿದ್ದರೆ ಈ ಬಿಸಿಗಾಳಿ. ನನ್ನದು ಎನ್ನಲು ನನಗೆ ಎರಡು ಊರುಗಳಿದ್ದವು; ಎರಡರಲ್ಲೂ ತಲೆ ತಗ್ಗಿಸಿ ನಡೆಯುವಂತೆ ನಾನೇ ಮಾಡಿಕೊಂಡೆ.

ಅಂದು ಕೇಳಿದ ಪ್ರಶ್ನೆಗೆ ಇಂದು ಉತ್ತರ ಕೊಡುತ್ತಿದ್ದೇನೆ. ಹೌದು ಸಾರ್, ಜಗ್ಗಿದ್ದ. ಎರಡೇ ಸಲ ಅಲ್ಲ, ಪೈಪಿನ ಬಣ್ಣ ಕಿತ್ತುಹೋಗುವಷ್ಟು ಸಲ. ಹಗ್ಗ ಹಿಡಿಯಬೇಕಾಗಿದ್ದವನು ನಾನು. ಜಗ್ಗಿದವನು ಉಮರ್. ಉಳ್ಳಾಲದ ಉಮರ್.