ಅಕ್ಕನ ಪ್ಲೇಟಿಗೆ ಕೊಬ್ಬರಿ ಎಣ್ಣೆ

ನಿನ್ನೆ ಶಿರಸಿಯಲ್ಲಿ ಅಕ್ಕನ ಮೊಮ್ಮಗಳ ಮದುವೆ. ಡಿಜೆ ಹುಡುಗ ಬೆವರು ಒರೆಸಿದ ಕರ್ಚೀಫಿನಲ್ಲೇ ಹಳೇ ಹಾಡಿನ ಪ್ಲೇಟು ತಿಕ್ಕುತ್ತಿದ್ದ. ಮೈಯೆಲ್ಲ ಉರಿಯಿತು.

ನಾವು ಚಿಕ್ಕವರಿದ್ದಾಗ ನಂದೊಳ್ಳಿಯ ನಮ್ಮ ಮನೆಯಲ್ಲಿ ಗ್ರಾಮಫೋನ್ ಪ್ಲೇಟನ್ನು ಅಪ್ಪಯ್ಯ ಮಖಮಲ್ಲಿನ ತುಂಡಿನಿಂದ, ಗೆರೆ ಹೋದತ್ತಲೇ ಸುತ್ತಿಸಿ ಒರೆಸುತ್ತಿದ್ದ. ಅಕ್ಕ ತನ್ನ ಮದುವೆಗೆ ಕೇಳಿದ್ದು ಒಂದೇ ಹಾಡು. ಆ ಪ್ಲೇಟಿಗೇ ಸೋದರಮಾವ ಕೊಬ್ಬರಿ ಎಣ್ಣೆ ಬಳಿದಿಟ್ಟ! ಧೂಳು ಮೆತ್ತಿ, ಮುಳ್ಳು ಜಾರಿ, ಹಾಡು ನಾಯಿಯಂತೆ ಊಳಿಟ್ಟಿತು.

“ಇದೆಂತ ಮಾಡಿದ್ಯೋ ಭಾವ?” ಅಪ್ಪಯ್ಯ ಕೂಗಿದ.

“ಫಳಫಳ ಹೊಳೀಲಿ ಹೇಳಿ ಹಚ್ಚಿದ್ದು. ತಲೆಗೆ ಹಚ್ಚದೂ ಇದೇ ಎಣ್ಣೆ ಅಲ್ದನೋ?”

ನೆಂಟರೆಲ್ಲ ನಕ್ಕರು. ಅಕ್ಕ ಹಾಡು ಕೇಳದೆಯೇ ಗಂಡನ ಮನೆಗೆ ಹೋದಳು. ಯಾರಿಗೂ ಅದೊಂದು ವಿಷಯವೇ ಆಗಲಿಲ್ಲ.

ನಿನ್ನೆ ಡಿಜೆ ಹುಡುಗನ ಕೈಯಲ್ಲಿದ್ದದ್ದೂ ಅದೇ ಹಾಡಿನ ಪ್ಲೇಟು. ಅಕ್ಕ ಮುಂದಿನ ಕುರ್ಚಿಯಲ್ಲಿ ಕಾಯುತ್ತಿದ್ದಳು. ಕರ್ಚೀಫು ಕಿತ್ತೆಸೆದು, ನನ್ನ ಕನ್ನಡಕ ಒರೆಸುವ ಬಟ್ಟೆ ಕೊಟ್ಟೆ.

“ಗೆರೆ ಹೋದತ್ತಲೇ ಒರೆಸೋ!”