ತಂಗಿ ನೇಯ್ದ ಅರ್ಧ

ಮೇಲಿನ ಮನೆಯಿಂದ ಮೊದಲು ಗೊಂಯ್ ಎಂಬ ಮೊರೆತ, ಆಮೇಲೆ ಮುದುಕರ ಗಂಟಲ ಕೆಮ್ಮಿನಂಥ ಒಂದು ಸದ್ದು, ಆಮೇಲೆ ಏನೂ ಇಲ್ಲ. ಕಿಟಕಿಯ ಗಾಜು ಒರೆಸುತ್ತಿದ್ದ ನಾನು ಬಟ್ಟೆ ಹಿಡಿದುಕೊಂಡೇ ನಿಂತೆ. ಹೊಸ ವರ್ಷಕ್ಕೆ ಮುಂಚಿನ ದಿನಗಳಲ್ಲಿ ನಮ್ಮ ಕಾಶಾನ್ ಊರಿನ ಪ್ರತಿ ಮನೆಯೂ ತನ್ನನ್ನು ತಾನೇ ಕೊಡವಿಕೊಳ್ಳುತ್ತದೆ. ತಾರಸಿಗಳಲ್ಲಿ ಹಾಸು ಬಡಿಯುತ್ತಾರೆ, ಓಣಿಯಲ್ಲಿ ನೀರು ಸುರಿಯುತ್ತಾರೆ, ಕಪಾಟುಗಳನ್ನು ಎಳೆದಾಡುತ್ತಾರೆ. ಆ ಗದ್ದಲದ ನಡುವೆ ಇಸ್ಮತ್ ಖಾನುಮರ ಮನೆಯೊಂದೇ ಸುಮ್ಮನಾದದ್ದು ಸ್ಪಷ್ಟವಾಗಿ ಕೇಳಿಸಿತು.

ನಾನು ಮೇಲೆ ಹೋದಾಗ ಅವರು ತಮ್ಮ ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಬೆನ್ನನ್ನು ಮೂಸುತ್ತಿದ್ದರು.

"ಸತ್ತು ಹೋಯ್ತಾ?" ಎಂದೆ.

"ಸಾಯಿಸಿದಾರೆ ಮೆಹ್ರಿ. ಮೊನ್ನೆ ರಿಪೇರಿಯವನು ಬಂದಿದ್ನಲ್ಲ, ಒಳಗಿನ ಒಳ್ಳೆ ಸಾಮಾನು ತೆಗೆದು ಕೆಟ್ಟದ್ದು ಹಾಕಿ ಹೋಗಿದಾನೆ. ನಾನು ಚಹಾ ತರೋಕೆ ಒಳಗೆ ಹೋದೆ ನೋಡು, ಆವಾಗ."

"ಚಹಾ ಅವನು ಕೇಳಿದ್ನಾ?"

"ಕೊಡ್ತೀನಿ ಅಂದ ತಕ್ಷಣ ಆಗಲಿ ಅಂದ. ಒಂದು ಸಲಾನೂ ಬೇಡ ಅನ್ನದೆ ಚಹಾ ಕುಡಿಯೋ ಮನುಷ್ಯನನ್ನು ನೀನು ಎಲ್ಲಾದರೂ ನೋಡಿದೀಯಾ?"

ನಾನು ನೋಡಿರಲಿಲ್ಲ.

ಇಸ್ಮತ್ ಖಾನುಮ್ ಬಹಳ ಕಾಲ ಆಸ್ಪತ್ರೆಯೊಂದರ ಬಟ್ಟೆಕೋಣೆಯ ಉಸ್ತುವಾರಿ ನೋಡಿದವರು. ಅಲ್ಲಿ ಹೊದಿಕೆಗಳು ಕಾಲು ಬಂದ ಹಾಗೆ ನಡೆದು ಹೋಗುತ್ತಿದ್ದವಂತೆ. ರೋಗಿಯ ಕಡೆಯವರು, ದಾದಿಯರು, ಒಮ್ಮೆ ಒಬ್ಬ ಡಾಕ್ಟರು ಕೂಡ. ಆ ಕೆಲಸ ಅವರ ಕಣ್ಣಿನಲ್ಲಿ ಉಳಿದುಬಿಟ್ಟಿತು. ಪಿಸ್ತಾ ಕೊಳ್ಳುವಾಗ ಚೀಲದ ತಳಕ್ಕೆ ಮೊಣಕೈವರೆಗೆ ಕೈ ಇಳಿಸುತ್ತಾರೆ. ಪನ್ನೀರನ್ನು ಕರವಸ್ತ್ರಕ್ಕೆ ಹನಿಸಿ, ಅದು ಪೂರ್ತಿ ಒಣಗಿದ ಮೇಲೆ ಮೂಸಿ, ಆಮೇಲೆ ಬೆಲೆ ಕೇಳುತ್ತಾರೆ. ಮದುವೆಯ ಮಾತಾಡಲು ಹುಡುಗಿಯ ಮನೆಗೆ ಹೋಗುವವರು ಅವರನ್ನು ಜೊತೆಗೆ ಕರೆಯುತ್ತಾರೆ. ಮದುವೆಗೆ ಕರೆಯಲು ಮಾತ್ರ ಮರೆಯುತ್ತಾರೆ.

ಅವರು ಲೋಕದಲ್ಲಿ ಪೂರ್ತಿಯಾಗಿ ನಂಬಿದ್ದ ವಸ್ತು ಈ ಸತ್ತ ಯಂತ್ರವೊಂದೇ. ನಮ್ಮಲ್ಲಿ ಅದನ್ನು ಕರೆಂಟ್ ಪೊರಕೆ ಎನ್ನುತ್ತೇವೆ. "ಒಂದು ಎಳೆ ಕಿತ್ತಿಲ್ಲ ಇದು," ಎನ್ನುತ್ತಿದ್ದರು. ಕೀಳುವ ಶಕ್ತಿ ಅದಕ್ಕೆ ಇರಲೂ ಇಲ್ಲ. ಅದರ ಚೀಲ ಯಾವಾಗಲೂ ಅರೆಹೊಟ್ಟೆಯಲ್ಲಿರುತ್ತಿತ್ತು. ಅದನ್ನು ಅವರು ಸಜ್ಜನಿಕೆ ಎಂದುಕೊಂಡಿದ್ದರು.

ಎಳೆಯ ಚಿಂತೆಗೆ ಕಾರಣವಿತ್ತು. ಅತಿಥಿಗಳ ಕೋಣೆಯಲ್ಲಿ ಹಾಸಿದ್ದ ದಾಳಿಂಬೆ ಬಣ್ಣದ ಪುಟ್ಟ ರತ್ನಗಂಬಳಿಯನ್ನು ಅವರೂ ಅವರ ತಂಗಿ ಬೆಹ್ಜತಳೂ ಹುಡುಗಿಯರಾಗಿದ್ದಾಗ ಒಂದೇ ಮಗ್ಗದ ಮುಂದೆ, ಒಂದೇ ಹಲಗೆಯ ಮೇಲೆ ಕೂತು ನೇಯ್ದಿದ್ದರು. ಬಲಗಡೆಯ ಅರ್ಧ ಅಕ್ಕನದು, ಎಡಗಡೆಯದು ತಂಗಿಯದು. ತಾಯಿ ಅದನ್ನು ಅಕ್ಕನಿಗೆ ಕೊಟ್ಟಳು. ಬೆಹ್ಜತ್ ಪ್ರತಿ ಹೊಸ ವರ್ಷಕ್ಕೆ ಬಂದು, ಸೋಫಾ ಬಿಟ್ಟು, ತನ್ನ ಅರ್ಧದ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಬಂದವಳು ಅಂಗೈಯಿಂದ ಅದನ್ನು ಸವರಿ, "ಅಕ್ಕಾ, ಈ ಮನೆಯಲ್ಲಿ ಎಲ್ಲರ ಕಾಲೂ ನನ್ನ ಕಡೆಗೇ ಬೀಳುತ್ತಾ? ನಿನ್ನ ಕಡೆ ನೋಡು, ಹೊಚ್ಚ ಹೊಸದು," ಎಂದಳು. ತಂಗಿಯ ಅರ್ಧ ಬಾಗಿಲಿನ ಕಡೆಗಿತ್ತು, ನಿಜ. ಬೆಹ್ಜತ್ ಚಹಾ ಮುಟ್ಟದೆ ಎದ್ದು ಹೋದಳು. ಪೇಟೆಯ ಆಚೆಯ ಓಣಿಯಲ್ಲೇ ಮನೆಯಿದ್ದರೂ ಆಮೇಲೆ ಬರಲೇ ಇಲ್ಲ.

ಅವಳು ಹೋದ ದಿನವೇ ಅಕ್ಕ ರತ್ನಗಂಬಳಿಯನ್ನು ತಿರುಗಿಸಿ ಹಾಸಿದರು. ತಂಗಿಯ ಅರ್ಧ ಕಾಲೂ ಬಿಸಿಲೂ ತಾಗದಂತೆ ದೊಡ್ಡ ಸೋಫಾದ ಕೆಳಗೆ ಸೇರಿತು. ಪರದೆ ಮುಚ್ಚಿದರು. ಈಗ ಬೆಹ್ಜತ್ ಫೋನ್ ಮಾಡಿ, ಈ ಸಲ ಬರ್ತೀನಿ ಅಂದಿದ್ದಾಳೆ.

"ಬಂದವಳೇ ಮೊದಲು ಅದನ್ನೇ ಸವರೋದು," ಎಂದರು ಇಸ್ಮತ್ ಖಾನುಮ್. "ಹೊಸ ಪೊರಕೆ ಅದರ ಉಣ್ಣೆ ತಿಂದುಬಿಟ್ರೆ ನನ್ನ ಕಥೆ ಮುಗೀತು."

ಪೇಟೆಯಲ್ಲಿ ಕರೆಂಟ್ ಸಾಮಾನು ಮಾರುವ ಕರ್ಬಾಸಿಯ ಅಂಗಡಿಗೆ ಆ ಮಧ್ಯಾಹ್ನವೇ ಹೋದೆವು. ಕರ್ಬಾಸಿ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ.

"ಬನ್ನಿ ಹಾಜಿಯಮ್ಮ, ನನ್ನ ಕಣ್ಣ ಮೇಲೆ ಕಾಲಿಟ್ಟು ಬನ್ನಿ."

"ನಾನು ಹಜ್‌ಗೆ ಹೋಗಿಲ್ಲ. ಹೋಗದವರನ್ನ ಹಾಜಿ ಅನ್ನೋನು ಹಳೇದನ್ನ ಹೊಸದು ಅನ್ನಲ್ವಾ?"

ಕರ್ಬಾಸಿ ನಕ್ಕು ಎರಡು ಯಂತ್ರ ತೋರಿಸಿದ. ಒಂದಕ್ಕೆ ಒಳಗೆ ಬಟ್ಟೆಯ ಚೀಲ. ಇನ್ನೊಂದಕ್ಕೆ ಗಾಜಿನಂಥ ಪಾರದರ್ಶಕ ಡಬ್ಬಿ. ಒಳಗೆ ಕಸ ಸುತ್ತುವುದು ಕಾಣುತ್ತದೆ. ಇಸ್ಮತ್ ಖಾನುಮ್ ಎರಡರ ಸುತ್ತಲೂ ನಡೆದರು. ಶಕ್ತಿಯ ಅಂಕಿ ಬರೆದ ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದರು.

"ಇದನ್ನು ಅಂಟಿಸಿದ್ಯಾರು?"

"ಕಂಪನಿಯವರಮ್ಮ."

"ಗೋಂದು ಹಸಿ ಇದೆ." ಹಸಿ ಇರಲಿಲ್ಲ. "ಈ ಕಸ ತೋರಿಸೋ ಡಬ್ಬಿ ಯಾಕೆ? ಗಿರಗಿರ ತಿರುಗಿಸಿ ಚಿಟಿಕೆ ಧೂಳನ್ನ ಬೊಗಸೆ ಮಾಡಿ ತೋರಿಸೋಕಾ?"

ಕರ್ಬಾಸಿ ಅಂಗಡಿಯ ಹಾಸಿನ ಮೇಲೆ ಉಪ್ಪು ಚೆಲ್ಲಿ ಎರಡನ್ನೂ ಓಡಿಸಿದ. ಉಪ್ಪು ಮಾಯವಾಯಿತು.

"ಇದು ನಿನ್ನ ಹಾಸು, ನಿನ್ನ ಉಪ್ಪು," ಎಂದರು ಅವರು. "ನಿನ್ನ ಮಾತೇ ಕೇಳುತ್ತೆ. ನಾಳೆ ನಂದು ತರ್ತೀನಿ."

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಸೋಫಾ ಎಳೆದೆವು. ಬೆಳಕಿಗೆಂದು ನಾನು ಪರದೆಗೆ ಕೈ ಹಾಕಿದೆ. "ಮುಟ್ಟಬೇಡ, ಬೆಹ್ಜತಳ ಬಣ್ಣ ಹೋಗುತ್ತೆ," ಎಂದು ತಡೆದು, ಕತ್ತಲಲ್ಲೇ ರತ್ನಗಂಬಳಿ ಸುತ್ತಿ ಹಗ್ಗ ಬಿಗಿದು ಹೆಗಲಿಗೇರಿಸಿಕೊಂಡರು. ಹಳೆಯ ಯಂತ್ರದ ಚೀಲ ಕೊಡವಿ ಕಟ್ಟಿದ ಧೂಳಿನ ಗಂಟು ನನ್ನ ಕೈಗೆ ಬಂತು. ಆ ಗಂಟು ಹಿಡಿದು ಪೇಟೆಯ ನಡುವೆ ನಡೆಯುವಾಗ ಪರಿಚಯದವರು ಒಬ್ಬಿಬ್ಬರು, ಏನು ಒಳ್ಳೆಯದು ತಗೊಂಡ್ರಿ ಎಂದು ಕೇಳಿದರು.

ಅಂಗಡಿಯ ಬಾಗಿಲಿನ ಬಿಸಿಲಲ್ಲಿ ರತ್ನಗಂಬಳಿ ಬಿಚ್ಚಿದರು. ತಮ್ಮ ಅರ್ಧದ ಮೇಲೆ ತಮ್ಮ ಮನೆಯ ಧೂಳನ್ನು ತಾವೇ ಉದುರಿಸಿದರು.

"ನಿದ್ದೆಯ ಕಡೆಗೇ ಎಳಿ," ಎಂದು ಕರ್ಬಾಸಿಗೆ ಎಚ್ಚರಿಸಿದರು. ಉಣ್ಣೆಯ ಕೂದಲು ಒರಗಿ ಮಲಗಿರುವ ದಿಕ್ಕಿಗೆ ನಮ್ಮಲ್ಲಿ ನಿದ್ದೆ ಅನ್ನುತ್ತಾರೆ. "ಎದುರು ಎಳೆದ್ರೆ ಎಚ್ಚರ ಆಗಿ ಎದ್ದುಬಿಡುತ್ತೆ."

"ಗೊತ್ತಮ್ಮ. ನಾನೂ ಈ ಊರಿನವನೇ."

ಚೀಲದ ಯಂತ್ರ ಧೂಳನ್ನು ಚೆನ್ನಾಗಿಯೇ ಎಳೆಯಿತು. "ಒಳಗೆ ಏನೇನು ಹೋಯ್ತು ಅಂತ ನಂಗೆ ಹೆಂಗೆ ಗೊತ್ತಾಗಬೇಕು? ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿದೆ. ಆ ಡಬ್ಬಿಯದ್ದು ಹಾಕು," ಎಂದರು. ಡಬ್ಬಿಯಲ್ಲಿ ಬೂದು ಬಣ್ಣದ ಧೂಳು ಸುತ್ತಿತು, ಬೇರೇನೂ ಇಲ್ಲ. ಅವರು ನನ್ನ ಕಡೆ ನೋಡಿದರು. ಇಷ್ಟವಾದದ್ದನ್ನು ಒಪ್ಪಿಕೊಳ್ಳದಿರುವಾಗ ಅವರು ಹಾಗೆ ನೋಡುತ್ತಾರೆ.

"ಈಗ ಬೆಹ್ಜತಳ ಕಡೆ. ಮೆಲ್ಲಗೆ."

ಕರ್ಬಾಸಿ ಮೆಲ್ಲಗೇ ಎಳೆದ. ಡಬ್ಬಿ ಕೆಂಪಾಯಿತು. ದಾಳಿಂಬೆ ಬಣ್ಣದ ಉಣ್ಣೆ ಗೊಂಚಲು ಗೊಂಚಲಾಗಿ ಸುತ್ತುತ್ತಿತ್ತು. ಯಂತ್ರದ ಮೂತಿ ಹೋದ ದಾರಿಯಲ್ಲಿ ಬಿಳಿಯ ದಾರದ ತಳ ಕಾಣಿಸಿತು.

"ನಿಲ್ಲಿಸು." ಅವರ ದನಿ ಏರಲಿಲ್ಲ. "ತಿಂದುಬಿಟ್ಯಲ್ಲೋ. ನಂಗೆ ಗೊತ್ತಿತ್ತು. ನಿನ್ನ ಮುಖ ನೋಡಿದಾಗಲೇ ಗೊತ್ತಿತ್ತು."

ಕರ್ಬಾಸಿಯ ಮುಖ ಬಿಳಚಿಕೊಂಡಿತು. ಅವನೂ ಹಾಗೇ ನಂಬಿದ್ದ. "ಅಮ್ಮಾ, ನನ್ನ ಕೈಯಾಣೆ, ನಾನು ಒತ್ತಲೇ ಇಲ್ಲ..." ಎನ್ನುತ್ತ ಡಬ್ಬಿ ಬಿಚ್ಚಿ ಹಳೆಯ ಪತ್ರಿಕೆಯ ಮೇಲೆ ಸುರಿದ. ಇಸ್ಮತ್ ಖಾನುಮ್ ಬಯ್ಯಲು ಬಾಗಿದವರು ಬಾಗಿಯೇ ಉಳಿದರು. ಕೆಂಪು ಉಣ್ಣೆಯ ನಡುವೆ ಅಕ್ಕಿಯ ಕಾಳಿನಂಥ ಬಿಳಿಯ ಗೂಡುಗಳಿದ್ದವು.

ಒಂದನ್ನು ಬೆರಳ ತುದಿಯಲ್ಲಿ ಎತ್ತಿದರು. "ಇದು ನಿನ್ನ ಡಬ್ಬಿಯಲ್ಲಿ ಮೊದಲೇ ಇತ್ತಾ?" ಎಂದು ಕೇಳಿದರು. ಅದು ಅವರ ಕೊನೆಯ ಅನುಮಾನ. ಕೇಳುವಾಗ ಅದರಲ್ಲಿ ಅವರಿಗೇ ನಂಬಿಕೆ ಇರಲಿಲ್ಲ. ಆಸ್ಪತ್ರೆಯ ಕಂಬಳಿಗಳಲ್ಲಿ ಇವನ್ನು ಅವರು ಬೇಕಾದಷ್ಟು ಕಂಡವರು. ರತ್ನಗಂಬಳಿಯ ತಂಗಿಯ ತುದಿಯನ್ನು ಮಗುಚಿ ಕೈಯಿಂದ ತಟ್ಟಿದರು. ಗೋಧಿಬಣ್ಣದ ಒಂದು ಪುಟ್ಟ ಚಿಟ್ಟೆ ಎದ್ದು, ಬಿಸಿಲು ಸಹಿಸದೆ, ಅಂಗಡಿಯ ಕತ್ತಲಿಗೆ ಹಾರಿತು.

"ನುಸಿ," ಎಂದರು.

ಹಳೆಯ ಯಂತ್ರದ ಮೂತಿ ಸೋಫಾದ ಕೆಳಗೆ ಗೇಣುದ್ದವೂ ಹೋಗುತ್ತಿರಲಿಲ್ಲ. ಹೋದಷ್ಟಕ್ಕೂ ಅದಕ್ಕೆ ಎಳೆಯುವ ಉಸಿರಿರಲಿಲ್ಲ. ಉಣ್ಣೆ ಬುಡದಲ್ಲಿ ಕಡಿದುಹೋಗಿ, ನಿಂತ ಹಾಗೆ ನಟಿಸುತ್ತಿತ್ತು. ಕಾಲು ಬಿದ್ದಿದ್ದರೆ, ಬಿಸಿಲು ಬಿದ್ದಿದ್ದರೆ ನುಸಿ ಆ ಕಡೆ ಸುಳಿಯುತ್ತಿರಲಿಲ್ಲ. ಬಾಗಿಲಿನ ಕಡೆಗಿದ್ದ ಅವರ ಸ್ವಂತ ಅರ್ಧ ತುಳಿಸಿಕೊಂಡೂ ಗಟ್ಟಿಯಾಗಿತ್ತು. ಅವರು ಬೋಳಾದ ಜಾಗದ ಮೇಲೆ ಅಂಗೈ ಇಟ್ಟು, ಬೆಹ್ಜತ್ ಸವರುವ ಹಾಗೆಯೇ ಸವರಿದರು.

ಜಗಳ ಬರಲಿಲ್ಲವೆಂದು ಕರ್ಬಾಸಿಗೆ ಇನ್ನೂ ಹೆದರಿಕೆಯಾಯಿತು. "ನಿಮ್ಮ ಮುಂದೆ ಇದೇನು ಮಹಾ, ಯಂತ್ರ ಹಾಗೇ ತಗೊಂಡು ಹೋಗಿಯಮ್ಮ, ಬೆಲೆಯ ಮಾತೇ ಬೇಡ," ಎಂದ. ಅಂಗಡಿಯವರೆಲ್ಲ ಅನ್ನುವ ಮಾತು ಅದು, ಯಾರೂ ಹಾಗೆ ತಗೊಂಡು ಹೋಗುವುದಿಲ್ಲ. ಬೇರೆ ದಿನವಾಗಿದ್ದರೆ ಇಸ್ಮತ್ ಖಾನುಮ್, ಹಂಗಾದ್ರೆ ಸಾಕ್ಷಿ ಕರಿ ಅನ್ನುತ್ತಿದ್ದರು.

"ಡಬ್ಬಿಯದ್ದು ಕೊಡು," ಎಂದರು. "ಕಾಣಬೇಕು."

ನಾನು ಅವರ ಕಿವಿಯ ಬಳಿ ಬಾಗಿದೆ. "ಖಾನುಮ್, ಸೋಫಾ ಮೇಲೆ ಇದ್ದೇ ಇರುತ್ತಲ್ಲ. ಬೆಹ್ಜತ್ ಬಂದು ಹೋಗೋವರೆಗೆ ಮುಚ್ಚಿಡೋಣ. ಹಬ್ಬ ಕಳೀಲಿ."

ಅವರು ನನ್ನನ್ನು ನೋಡಿದರು. ಹೊದಿಕೆ ಮಡಿಲಲ್ಲಿಟ್ಟುಕೊಂಡು ಹೊರಟವರನ್ನು ಆಸ್ಪತ್ರೆಯ ಬಾಗಿಲಲ್ಲಿ ಹೇಗೆ ನೋಡುತ್ತಿದ್ದರೆಂದು ನನಗೆ ಅಂದು ತಿಳಿಯಿತು. ಆಮೇಲೆ ರತ್ನಗಂಬಳಿ ಸುತ್ತತೊಡಗಿದರು. ಪತ್ರಿಕೆಯ ಮೇಲಿನ ಉಣ್ಣೆಯಿಂದ ಬಿಳಿಯ ಗೂಡುಗಳನ್ನು ಆರಿಸಿ ಬಿಸಾಡಿ, ಉಳಿದದ್ದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ನನಗೆ ಮುಖ ಎಲ್ಲಿಡಬೇಕೆಂದು ತೋಚದೆ ಕರ್ಬಾಸಿಯ ಕಡೆ ತಿರುಗಿ, "ಗ್ಯಾರಂಟಿ ಹೆಂಗೆ?" ಎಂದು ಕೇಳಿದೆ.

"ಹೇಳ್ತೀನಿ ಕೇಳಿ. ಮೋಟರಿಗೆ ಬೇರೆ, ಪೈಪಿಗೆ ಬೇರೆ. ಅಮ್ಮಾ, ನೀವೂ ಕೇಳಿಸ್ಕೊಳ್ಳಿ, ಆಮೇಲೆ ಕರ್ಬಾಸಿ ಹೇಳಲಿಲ್ಲ ಅನ್ನಬಾರದು. ಈ ಬ್ರಷ್ ಇದೆಯಲ್ಲ, ಇದಕ್ಕೆ..."

ಇಸ್ಮತ್ ಖಾನುಮ್ ರತ್ನಗಂಬಳಿಯನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಿದ್ದರು. ನಮ್ಮ ಮನೆಗೆ ಎಡಕ್ಕೆ ತಿರುಗಬೇಕು. ಅವರು ಬಲಕ್ಕೆ, ಬೆಹ್ಜತಳ ಓಣಿಯ ಕಡೆಗೆ ತಿರುಗಿದರು.